ಲೂಯಿಸಿಯಾನಾದ ಕ್ರಿಯೋಲ್ ಬೆನ್ಯೇ, ಕಲಾಸ್, ಪ್ರಾಲೀನ್, ಬ್ರೆಡ್ ಪುಡಿಂಗ್: ಮನೆಯಲ್ಲಿ ಮಾಡುವಾಗ ಅಳತೆ ಎಷ್ಟು, ಹದ ಯಾವುದು?

ಒಲೆಮುಂದೆ (ಪ್ರಶ್ನೆ)

ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ (ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಮೂಲಗಳು ಬೆರೆತ) ಸಿಹಿತಿಂಡಿ ಮತ್ತು ಬ್ರೆಡ್ಡುಗಳನ್ನು ಮನೆಯಲ್ಲಿ ಮಾಡಿ ಗೊತ್ತಿರುವವರು ದಯವಿಟ್ಟು ಉತ್ತರಿಸಿ. ರೆಸಿಪಿಗಳಿಗೇನೂ ಬರವಿಲ್ಲ. ಆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಟ್ಟರೆ ಯಾಕೆ ಕೆಟ್ಟಿತು ಅನ್ನುವುದನ್ನಂತೂ ಯಾರೂ ಬರೆಯುವುದಿಲ್ಲ.

ಬೆನ್ಯೇಗೆ ಕೆಲವರು ಯೀಸ್ಟ್ ಹಾಕಿ ನಾದಿದ ಹಿಟ್ಟು ಅಂತಾರೆ. ಇನ್ನು ಕೆಲವರು ನೀರು-ಬೆಣ್ಣೆ ಕುದಿಸಿ, ಮೈದಾ ಮಗುಚಿ, ಮೊಟ್ಟೆ ಸೇರಿಸುವ ಶೂ ಪೇಸ್ಟ್ರಿ ಹಿಟ್ಟು ಅಂತಾರೆ. ನ್ಯೂ ಆರ್ಲಿಯನ್ಸ್‌ನದು ಯಾವುದು? ಎಣ್ಣೆಗೆ ಬಿಟ್ಟ ಮೇಲೆ ಕೆಲವು ಉಬ್ಬುತ್ತವೆ, ಕೆಲವು ಚಪ್ಪಟೆಯಾಗಿಯೇ ಉಳಿಯುತ್ತವೆ. ಕಾರಣ ಏನು?

ಕಲಾಸ್‌ಗೆ (ಅನ್ನ ಅರೆದು ಕರಿದ ಉಂಡೆ) ರಾತ್ರಿಯಿಡೀ ಹುದುಗಿಸಲೇಬೇಕೆ, ಬೇಕಿಂಗ್ ಪೌಡರ್ ಸಾಕೆ?

ಪ್ರಾಲೀನ್ (ಸಕ್ಕರೆ ಪಾಕ, ಪೆಕಾನ್ ಕಾಯಿಯ ಬಿಲ್ಲೆ) ಅದೇ ಉಷ್ಣಾಂಶಕ್ಕೆ ಇಳಿಸಿದರೂ ಒಮ್ಮೆ ಅಂಟಂಟು, ಒಮ್ಮೆ ಮರಳು ಮರಳು. ಯಾಕೆ?

ಬ್ರೆಡ್ ಪುಡಿಂಗಿಗೆ ಅಲ್ಲಿಯ ಫ್ರೆಂಚ್ ಬ್ರೆಡ್ಡೇ ಬೇಕಂತೆ. ಅದನ್ನು ಮನೆಯ ಓವನ್‌ನಲ್ಲಿ ಮಾಡಲಾಗುತ್ತದೆಯೇ?

ತಕ್ಕಡಿ, ಪಾಕದ ಥರ್ಮಾಮೀಟರ್, 230 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಓವನ್ ಇವೆ. ಹಿಟ್ಟು ನಾದುವ ಯಂತ್ರ ಇಲ್ಲ. ಅಳತೆ ಗ್ರಾಂನಲ್ಲಿ ಕೊಟ್ಟರೆ ಉಪಕಾರ.

---

ಬಿಸಿಎಣ್ಣೆ

ಬೆನ್ಯೇ ಬಗ್ಗೆ ಹೇಳುತ್ತೇನೆ. ಉಳಿದದ್ದನ್ನು ಬಲ್ಲವರು ಹೇಳಲಿ.

ಯೀಸ್ಟಿನದೇ. ಶೂ ಹಿಟ್ಟಿನ ಉಂಡೆಯೂ ಫ್ರೆಂಚರ ಲೆಕ್ಕದಲ್ಲಿ ಬೆನ್ಯೇ ಹೌದು, ತಿನ್ನಲೂ ಚೆನ್ನ. ಆದರೆ ನ್ಯೂ ಆರ್ಲಿಯನ್ಸ್‌ನಲ್ಲಿ ಬೆನ್ಯೇ ಅಂದರೆ ಚೌಕವಾಗಿ ಕತ್ತರಿಸಿ ಕರಿದದ್ದು, ಒಳಗೆ ಪೊಳ್ಳು, ಮೇಲೆ ಸಕ್ಕರೆ ಪುಡಿಯ ರಾಶಿ. ಫ್ರೆಂಚ್ ಮಾರ್ಕೆಟ್ಟಿನ ಕೆಫೆ ದು ಮಾಂಡ್ 1862ರಿಂದ ಇದೆ. ಅಲ್ಲಿ ಚಿಕೋರಿ ಬೆರೆಸಿದ ಕಾಫಿಯ ಜೊತೆ ಕೊಡುವುದು ಈ ಚೌಕವನ್ನೇ. 1986ರಲ್ಲಿ ಲೂಯಿಸಿಯಾನಾ ತನ್ನ ಅಧಿಕೃತ ಡೋನಟ್ ಎಂದು ಘೋಷಿಸಿದ್ದೂ ಬೆನ್ಯೇಯನ್ನು.

ಮೂವತ್ತರ ಆಸುಪಾಸಿನಷ್ಟು ಚೌಕಕ್ಕೆ: ಬ್ರೆಡ್ ಫ್ಲೋರ್ (ಪ್ರೋಟೀನ್ ಹೆಚ್ಚಿರುವ ಮೈದಾ) 480 ಗ್ರಾಂ, ಉಗುರುಬೆಚ್ಚಗಿನ ನೀರು 180 ಮಿ.ಲೀ., ಇವಾಪರೇಟೆಡ್ ಹಾಲು (ಸಕ್ಕರೆ ಹಾಕದೆ ಬತ್ತಿಸಿದ ಡಬ್ಬಿ ಹಾಲು) 120 ಮಿ.ಲೀ., ಮೊಟ್ಟೆ 1, ಸಕ್ಕರೆ 50 ಗ್ರಾಂ, ಮೆತ್ತಗಾದ ಬೆಣ್ಣೆ 30 ಗ್ರಾಂ, ಡ್ರೈ ಯೀಸ್ಟ್ 7 ಗ್ರಾಂ, ಉಪ್ಪು 6 ಗ್ರಾಂ. ಯೀಸ್ಟನ್ನು ನೀರು ಮತ್ತು ಒಂದು ಚಿಟಿಕೆ ಸಕ್ಕರೆಯಲ್ಲಿ ಹತ್ತು ನಿಮಿಷ ನೊರೆ ಬರುವವರೆಗೆ ಬಿಡಿ. ಆಮೇಲೆ ಬೆಣ್ಣೆಯೊಂದನ್ನು ಬಿಟ್ಟು ಎಲ್ಲ ಕಲಸಿ, ಹಿಟ್ಟು ಕೂಡಿಕೊಂಡ ಮೇಲೆ ಬೆಣ್ಣೆ ಸೇರಿಸಿ ಆರೇಳು ನಿಮಿಷ ನಾದಿ. ಹಿಟ್ಟು ಕೈಗೆ ತುಸು ಅಂಟುತ್ತಿರಬೇಕು. ಅಂಟುತ್ತದೆಂದು ಮೈದಾ ಉದುರಿಸುತ್ತಾ ಹೋದಿರೋ, ಬೆನ್ಯೇ ಕೆಡುವುದು ಅಲ್ಲಿಂದಲೇ ಶುರು. ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿ 8ರಿಂದ 24 ಗಂಟೆ ಇಡಿ. ತಣ್ಣಗಾದಾಗ ಅದೇ ಅಂಟು ಹಿಟ್ಟು ಲಟ್ಟಿಸಲು ಬಗ್ಗುತ್ತದೆ. ಹೊರಗಿಟ್ಟು ಎರಡು ಗಂಟೆಯಲ್ಲಿ ಉಬ್ಬಿಸಿದ ಹಿಟ್ಟಿನಲ್ಲೂ ಬೆನ್ಯೇ ಆಗುತ್ತದೆ, ರುಚಿ ಮಾತ್ರ ಸಪ್ಪೆ.

ಲಟ್ಟಿಸುವುದು 6 ಮಿ.ಮೀ. ದಪ್ಪಕ್ಕೆ, ಕತ್ತರಿಸುವುದು ಆರೂವರೆ ಸೆಂ.ಮೀ. ಚೌಕಕ್ಕೆ. ಪಿಜ್ಜಾ ಚಕ್ರ ಇದ್ದರೆ ಅದನ್ನೇ ಬಳಸಿ. ಚಾಕು ಎಳೆದರೆ ಅಂಚು ಒತ್ತಿ ಮುಚ್ಚಿಕೊಳ್ಳುತ್ತದೆ.

ಬಾಣಲೆಯಲ್ಲಿ ಎಣ್ಣೆ ಕನಿಷ್ಠ 5 ಸೆಂ.ಮೀ. ಆಳ, ಆದರೆ ಬಾಣಲೆಯ ಅರ್ಧ ಮೀರಬಾರದು. 190 ಡಿಗ್ರಿಗೆ ಕಾಯಿಸಿ, ಒಮ್ಮೆಗೆ ಮೂರು ಅಥವಾ ನಾಲ್ಕು ಮಾತ್ರ ಬಿಡಿ. ಚೌಕ ಹತ್ತು ಸೆಕೆಂಡಿನೊಳಗೆ ಮೇಲೆ ತೇಲಬೇಕು. ತೇಲಿದ ಕೂಡಲೇ ಸೌಟಿನಿಂದ ಬಿಸಿ ಎಣ್ಣೆಯನ್ನು ಅದರ ಬೆನ್ನ ಮೇಲೆ ಎರಚುತ್ತಿರಿ. ಉಬ್ಬಿದ ಮೇಲೆ ತಿರುವಿ. ಒಂದೊಂದು ಬದಿಗೆ ಒಂದರಿಂದ ಒಂದೂವರೆ ನಿಮಿಷ.

ಉಬ್ಬಿಸುವುದು ಯೀಸ್ಟಿಗಿಂತ ಹೆಚ್ಚಾಗಿ ಆವಿ. ಎರಡೂ ಬದಿಯ ಚರ್ಮ ಬೇಗ ಗಟ್ಟಿಯಾಗಿ, ನಡುವಿನ ನೀರು ಆವಿಯಾಗಿ, ಹೋಗಲು ದಾರಿಯಿಲ್ಲದೆ ಎರಡನ್ನೂ ಬೇರ್ಪಡಿಸುತ್ತದೆ. ಹಾಗಾಗಿ ಚಪ್ಪಟೆಯಾದರೆ ಹುಡುಕಬೇಕಾದ ಕಡೆಗಳು ಇವು. ಎಣ್ಣೆ 180ಕ್ಕಿಂತ ಇಳಿದಿದ್ದರೆ ಚರ್ಮ ಕಟ್ಟುವ ಮೊದಲೇ ಆವಿ ಸೋರುತ್ತದೆ, ಜೊತೆಗೆ ಎಣ್ಣೆ ಕುಡಿಯುತ್ತದೆ. 3 ಮಿ.ಮೀ.ಗೆ ಲಟ್ಟಿಸಿದ್ದರೆ ಆವಿಯಾಗಲು ನಡುವೆ ಏನೂ ಉಳಿದಿರುವುದಿಲ್ಲ, ಹಪ್ಪಳವಾಗುತ್ತದೆ. ಮೇಲೆ ಉದುರುಹಿಟ್ಟು ಕೂತಿದ್ದರೆ ಅದು ಬಾಣಲೆಯ ತಳಕ್ಕಿಳಿದು ಕರಕಲಾಗಿ, ಮೂರನೇ ಸುತ್ತಿನಿಂದ ಎಲ್ಲಕ್ಕೂ ಕಹಿ. ಒಣ ಬ್ರಷ್ಷಿನಿಂದ ಒರೆಸಿಯೇ ಎಣ್ಣೆಗೆ ಬಿಡಿ. ಅಂಚಿನ ಚೂರುಗಳನ್ನು ಮತ್ತೆ ಒಟ್ಟುಗೂಡಿಸಿ ಲಟ್ಟಿಸಿದ್ದಾದರೆ ಹಿಟ್ಟು ಬಿಗಿದಿರುತ್ತದೆ, ಅದನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿ ಸುಮ್ಮನೆ ಬಿಡಬೇಕು.

ಸಕ್ಕರೆ ಪುಡಿಯನ್ನು ಎಣ್ಣೆಯಿಂದ ತೆಗೆದು ಅರ್ಧ ನಿಮಿಷ ಜಾಲರಿಯ ಮೇಲೆ ಬಸಿದ ಬಳಿಕ ಉದುರಿಸಿ. ಅದಕ್ಕಿಂತ ಮೊದಲು ಉದುರಿಸಿದರೆ ಕರಗಿ ಅಂಟಾಗುತ್ತದೆ. ತಣ್ಣಗಾದ ಮೇಲೆ ಉದುರಿಸಿದರೆ ಹಿಡಿಯುವುದೇ ಇಲ್ಲ.

---

ಹುದುಗು

ಬಿಸಿಎಣ್ಣೆ ಅವರು ಹೇಳಿದ್ದಕ್ಕೆ ಒಂದು ತಿದ್ದುಪಡಿ, ಅಥವಾ ಭಿನ್ನಾಭಿಪ್ರಾಯ. ಕತ್ತರಿಸಿದ ಚೌಕಗಳನ್ನು ತೆಳು ಬಟ್ಟೆ ಮುಚ್ಚಿ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಕರಿಯುವ ಕ್ರಮವೂ ಇದೆ. ಹಾಗೆ ಮಾಡಿದರೆ ಒಳಗೆ ಪೊಳ್ಳಿನ ಬದಲು ಮೆತ್ತನೆಯ ಬ್ರೆಡ್ಡಿನ ಎಳೆ ಬರುತ್ತದೆ, ಹೊಟ್ಟೆ ತುಂಬುವಂಥದ್ದು. ಎರಡೂ ಸರಿಯೇ. ಪೊಳ್ಳು ಬೇಕೆಂದರೆ ಫ್ರಿಜ್‌ನಿಂದ ತೆಗೆದ ತಣ್ಣನೆ ಹಿಟ್ಟನ್ನು ಲಟ್ಟಿಸಿ, ಕತ್ತರಿಸಿ, ನೇರ ಎಣ್ಣೆಗೆ. ಹೊರಗಿಡುವುದಾದರೆ ಎಣ್ಣೆ 180 ಸಾಕು. ದಪ್ಪ ಹೆಚ್ಚಿರುವುದರಿಂದ 190ರಲ್ಲಿ ಹೊರಗೆ ಕೆಂಪಾದರೂ ಒಳಗೆ ಹಸಿಯಾಗಿಯೇ ಇರುತ್ತದೆ.

---

ಬಿಸಿಎಣ್ಣೆ

ಒಪ್ಪಿದೆ. ಒಂದೇ ಮಾತು: ಮುಚ್ಚದೆ ಹೊರಗಿಟ್ಟರೆ ಮೇಲ್ಮೈ ಒಣಗಿ ಚಕ್ಕೆ ಕಟ್ಟುತ್ತದೆ, ಅದು ಹಿಗ್ಗುವುದಿಲ್ಲ, ಒಂದು ಮೂಲೆ ಒಡೆದು ಆವಿ ಅಲ್ಲಿಂದಲೇ ಹೊರಟುಹೋಗುತ್ತದೆ.

---

ಉಂಡೆಪಾಕ

ಪ್ರಾಲೀನ್ ಕೇಳಿದ್ದೀರಿ. ಉಷ್ಣಾಂಶ ಅರ್ಧ ಕಥೆ ಅಷ್ಟೇ. ಯಾವಾಗ ಕಲಕಲು ಶುರು ಮಾಡುತ್ತೀರಿ, ಯಾವಾಗ ನಿಲ್ಲಿಸುತ್ತೀರಿ ಅನ್ನುವುದು ಉಳಿದರ್ಧ.

ಮೂಲ ಫ್ರೆಂಚ್ ಪ್ರಾಲೀನ್‌ನಲ್ಲಿ ಇದ್ದದ್ದು ಬಾದಾಮಿ ಮತ್ತು ಸಕ್ಕರೆ. ಲೂಯಿಸಿಯಾನಾದಲ್ಲಿ ಬಾದಾಮಿಯ ಜಾಗಕ್ಕೆ ಅಲ್ಲೇ ಬೆಳೆಯುವ ಪೆಕಾನ್ ಬಂತು, ಹಾಲು ಅಥವಾ ಕೆನೆ, ಬೆಣ್ಣೆ ಸೇರಿದವು. ಪೆಕಾನ್ ಮರಕ್ಕೆ ಯಶಸ್ವಿಯಾಗಿ ಕಸಿ ಕಟ್ಟಿದವನು ಓಕ್ ಆಲಿ ತೋಟದಲ್ಲಿ ಗುಲಾಮನಾಗಿದ್ದ ಆಂಟ್ವಾನ್ ಎಂಬ ತೋಟಗಾರ, 1840ರ ದಶಕದಲ್ಲಿ. ತೆಳು ಸಿಪ್ಪೆಯ ಒಂದೇ ಬಗೆಯ ಕಾಯಿ ತೋಪುಗಟ್ಟಲೆ ಬೆಳೆಯಲು ದಾರಿಯಾದದ್ದು ಆ ಕಸಿಯಿಂದ. ನ್ಯೂ ಆರ್ಲಿಯನ್ಸ್‌ನ ಬೀದಿಯಲ್ಲಿ ಪ್ರಾಲೀನ್ ಮಾರುತ್ತಿದ್ದವರಲ್ಲಿ ಕಪ್ಪು ಕ್ರಿಯೋಲ್ ಹೆಂಗಸರೇ ಹೆಚ್ಚು.

ಇಪ್ಪತ್ತು ಬಿಲ್ಲೆಗೆ: ಬಿಳಿ ಸಕ್ಕರೆ 200 ಗ್ರಾಂ, ತಿಳಿ ಬ್ರೌನ್ ಶುಗರ್ 200 ಗ್ರಾಂ, ಇವಾಪರೇಟೆಡ್ ಹಾಲು 120 ಮಿ.ಲೀ., ಬೆಣ್ಣೆ 60 ಗ್ರಾಂ, ಉಪ್ಪು ಕಾಲು ಟೀ ಚಮಚ, ವೆನಿಲಾ 1 ಟೀ ಚಮಚ, ಪೆಕಾನ್ 160 ಗ್ರಾಂ. ಬ್ರೌನ್ ಶುಗರ್ ಇಲ್ಲದಿದ್ದರೆ 200 ಗ್ರಾಂ ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಮೊಲಾಸಿಸ್ (ಕಾಕಂಬಿ) ಉಜ್ಜಿ ಬೆರೆಸಿ. ಪೆಕಾನನ್ನು 175 ಡಿಗ್ರಿಯಲ್ಲಿ ಎಂಟು ನಿಮಿಷ ಹುರಿದು ಬೆಚ್ಚಗೇ ಇಟ್ಟುಕೊಳ್ಳಿ. ತಣ್ಣನೆಯ ಕಾಯಿ ಪಾಕಕ್ಕೆ ಬಿದ್ದರೆ ಅದು ಬಿದ್ದಲ್ಲೇ ಗಟ್ಟಿಯಾಗುತ್ತದೆ.

ಪಾತ್ರೆ ದಪ್ಪ ತಳದ್ದು, ಮೂರು ಲೀಟರಿನದಾದರೂ ಇರಲಿ, ಹಾಲು ಉಕ್ಕಿ ಮೇಲೆ ಬರುತ್ತದೆ. ಸಕ್ಕರೆ, ಹಾಲು, ಬೆಣ್ಣೆ, ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಪೂರಾ ಕರಗಿಸಿ. ಇಲ್ಲಿ ಅವಸರ ಬೇಡ: ಬೆರಳ ನಡುವೆ ಉಜ್ಜಿದರೆ ಹರಳು ಸಿಗಬಾರದು. ಪಾತ್ರೆಯ ಒಳಗೋಡೆಗೆ ಹತ್ತಿದ ಹರಳನ್ನು ಒದ್ದೆ ಬ್ರಷ್ಷಿನಿಂದ ಇಳಿಸಿ. ಆಮೇಲೆ ಮಧ್ಯಮ ಉರಿ. ತಳ ಹಿಡಿಯದಷ್ಟು ಮಾತ್ರ ಆಗಾಗ ಕೈಯಾಡಿಸುತ್ತಾ 115 ಡಿಗ್ರಿಗೆ ಬರಲಿ. ತಣ್ಣೀರಿಗೆ ಒಂದು ತೊಟ್ಟು ಬಿಟ್ಟರೆ ಮೆತ್ತನೆಯ ಉಂಡೆಯಾಗುವ ಪಾಕ.

ಒಲೆಯಿಂದ ಇಳಿಸಿ. ಮೂರು ನಾಲ್ಕು ನಿಮಿಷ ಮುಟ್ಟಬೇಡಿ, ಸುಮಾರು 100 ಡಿಗ್ರಿಗೆ ಇಳಿಯಲಿ. ಆಮೇಲೆ ವೆನಿಲಾ, ಪೆಕಾನ್ ಹಾಕಿ ಮರದ ಸೌಟಿನಿಂದ ಒಂದೇ ಸಮನೆ ಕಲಕಿ. ಮೊದಲು ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ಒಂದೆರಡು ನಿಮಿಷದಲ್ಲಿ ಸೌಟಿನ ಗೆರೆ ಒಂದು ಕ್ಷಣ ಉಳಿದು ಮುಚ್ಚಿಕೊಳ್ಳತೊಡಗುತ್ತದೆ, ಹೊಳಪು ಮಾಸಲು ಶುರುವಾಗುತ್ತದೆ, ಪಾತ್ರೆಯ ಅಂಚಿನಲ್ಲಿ ಮಂಕು ಪೊರೆ ಕಾಣುತ್ತದೆ. ಅದೇ ಗಳಿಗೆ. ಬೆಣ್ಣೆ ಸವರಿದ ಬೇಕಿಂಗ್ ಪೇಪರಿನ ಮೇಲೆ ದೊಡ್ಡ ಚಮಚದಲ್ಲಿ ಹಾಕುತ್ತಾ ಹೋಗಿ, ಕೈಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಸಮಯ ಇರುವುದಿಲ್ಲ. ಇಬ್ಬರಿದ್ದರೆ ಎರಡು ಚಮಚ.

ಈಗ ಯಾಕೆ ಕೆಡುತ್ತದೆ ಅನ್ನುವುದಕ್ಕೆ ಬರೋಣ. ಪಾಕ ತುಂಬಾ ಬಿಸಿಯಿರುವಾಗಲೇ ಕಲಕಿದರೆ ಹರಳು ಕೆಲವೇ ಹುಟ್ಟಿ, ಅವೇ ದಪ್ಪಗೆ ಬೆಳೆಯುತ್ತವೆ, ನಾಲಿಗೆಗೆ ಮರಳು. ಸ್ವಲ್ಪ ಆರಿಸಿ ಕಲಕಿದರೆ ಒಟ್ಟಿಗೆ ಅಸಂಖ್ಯ ಸಣ್ಣ ಹರಳುಗಳು ಹುಟ್ಟುತ್ತವೆ, ಬಾಯಲ್ಲಿಟ್ಟರೆ ಕರಗುವ ಹದ ಅದೇ. ಸಕ್ಕರೆ ಪೂರ್ತಿ ಕರಗಿರದಿದ್ದರೂ ಮರಳೇ. ಅಂಟಂಟಾಗಿ ಕಾಗದದಿಂದ ಏಳದಿದ್ದರೆ ಒಂದೋ ಪಾಕ 113 ಮುಟ್ಟುವ ಮೊದಲೇ ಇಳಿಸಿದ್ದೀರಿ, ಇಲ್ಲವೇ ಹೊಳಪು ಮಾಸುವ ಮುನ್ನವೇ ಚಮಚ ಎತ್ತಿದ್ದೀರಿ. ಪಾತ್ರೆಯಲ್ಲೇ ಪುಡಿಪುಡಿಯಾಗಿ ಕೂತುಬಿಟ್ಟರೆ ಕಲಕಿದ್ದು ಜಾಸ್ತಿ. ಇದಕ್ಕೆ ಪರಿಹಾರವಿದೆ: ಒಂದು ದೊಡ್ಡ ಚಮಚ ಬಿಸಿ ನೀರು ಹಾಕಿ ಸಣ್ಣ ಉರಿಯಲ್ಲಿ ಸಡಿಲಾಗುವಷ್ಟು ಬಿಸಿಮಾಡಿ ಬೇಗ ಹಾಕಿಬಿಡಿ. ನೋಟ ಸ್ವಲ್ಪ ಒರಟು, ರುಚಿಗೆ ಮೋಸವಿಲ್ಲ. ಅಂಟಾದದ್ದನ್ನಂತೂ ಮತ್ತೆ ಪಾತ್ರೆಗೆ ಹಾಕಿ, ಎರಡು ಚಮಚ ನೀರಿನಲ್ಲಿ ಕರಗಿಸಿ, ಮತ್ತೆ 115ಕ್ಕೆ ತರಬಹುದು.

ಮಳೆ ಹಿಡಿದ ದಿನ ಮಾಡದಿದ್ದರೆ ಒಳ್ಳೆಯದು. ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಾಡಲೇಬೇಕಾದರೆ 116ಕ್ಕೆ ಇಳಿಸಿ, ಆರಿದ ಕೂಡಲೇ ಒಂದೊಂದನ್ನೂ ಬೇರೆ ಬೇರೆ ಸುತ್ತಿಡಿ. ಫ್ರಿಜ್ ಬೇಡ.

---

ಒಲೆಮುಂದೆ

ತುಂಬಾ ಉಪಯೋಗವಾಯಿತು. ಎರಡು ಉಪಪ್ರಶ್ನೆ. ಇವಾಪರೇಟೆಡ್ ಹಾಲು ಇಲ್ಲದಿದ್ದರೆ? ಮತ್ತೆ, ಸಮುದ್ರಮಟ್ಟದಿಂದ ಎತ್ತರದಲ್ಲಿರುವ ಊರಿನಲ್ಲಿ 115 ಡಿಗ್ರಿ ಅನ್ನುವುದು ಹಾಗೇ ನಡೆಯುತ್ತದೆಯೇ?

---

ಉಂಡೆಪಾಕ

ನಡೆಯುವುದಿಲ್ಲ. ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಉಷ್ಣಾಂಶ ಸರಿಸುಮಾರು ಒಂದು ಡಿಗ್ರಿ ಇಳಿಯುತ್ತದೆ. 900 ಮೀಟರ್ ಎತ್ತರದಲ್ಲಿ ನೀರು 97ರಲ್ಲಿ ಕುದಿಯುವುದರಿಂದ ಪಾಕವನ್ನೂ 112ಕ್ಕೇ ಇಳಿಸಬೇಕು. ಲೆಕ್ಕ ಹಾಕುವ ತಾಪತ್ರಯವೇ ಬೇಡವೆಂದರೆ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ನೋಡಿ, ಅದು ತೋರಿಸಿದ್ದಕ್ಕೆ 15 ಕೂಡಿಸಿ. ಥರ್ಮಾಮೀಟರಿನ ತಪ್ಪೂ ಊರಿನ ಎತ್ತರವೂ ಒಟ್ಟಿಗೆ ಸರಿಹೋಗುತ್ತವೆ.

ಹಾಲಿಗೆ: ಗಟ್ಟಿ ಹಾಲು 275 ಮಿ.ಲೀ. ತೆಗೆದುಕೊಂಡು ಅಗಲ ಬಾಣಲೆಯಲ್ಲಿ 120 ಮಿ.ಲೀ. ಆಗುವವರೆಗೆ ಬತ್ತಿಸಿ, ಕೆನೆ ಕಟ್ಟಿದ್ದನ್ನು ಸೋಸಿ. ಕಂಡೆನ್ಸ್ಡ್ ಹಾಲು ಮಾತ್ರ ಬೇಡ, ಅದರಲ್ಲಿರುವ ಸಕ್ಕರೆ ಎರಡೂ ಕಡೆ ಅಳತೆ ಕೆಡಿಸುತ್ತದೆ.

---

ಹುದುಗು

ಕಲಾಸ್ ವಿಚಾರ ಯಾರೂ ಮುಟ್ಟಿಲ್ಲ. ಬೆನ್ಯೇ ನೆರಳಿನಲ್ಲಿ ಇದು ಯಾವಾಗಲೂ ಹಿಂದೆ ಉಳಿಯುತ್ತದೆ, ನನ್ನ ಮಟ್ಟಿಗೆ ಇವೆರಡರಲ್ಲಿ ಹೆಚ್ಚು ರುಚಿಯದ್ದು ಇದೇ.

ಅನ್ನವನ್ನು ಅರೆದು ಹುದುಗಿಸಿ ಕರಿದ ಉಂಡೆ. ಬೇರು ಪಶ್ಚಿಮ ಆಫ್ರಿಕಾದ ಭತ್ತದ ನಾಡಿನದು. ನ್ಯೂ ಆರ್ಲಿಯನ್ಸ್‌ನ ಹಳೆಯ ಬಡಾವಣೆ ಫ್ರೆಂಚ್ ಕ್ವಾರ್ಟರ್‌ನ ಬೀದಿಗಳಲ್ಲಿ ಬೆಳಗಿನ ಹೊತ್ತು ಕಪ್ಪು ಹೆಂಗಸರು ಇದನ್ನು ಬಿಸಿಬಿಸಿಯಾಗಿ ಕೂಗಿ ಮಾರುತ್ತಿದ್ದರು. ಸ್ಪೇನಿನ ಆಳ್ವಿಕೆಯಲ್ಲಿ ಗುಲಾಮರು ತಮ್ಮ ಬೆಲೆ ಕಟ್ಟಿ ತಾವೇ ಬಿಡುಗಡೆ ಪಡೆಯುವ ಕೊಆರ್ತಾಸಿಯೋನ್ ಎಂಬ ಕಾನೂನು ಇತ್ತು. ಹಾಗೆ ಕೂಡಿಸಿದ ಹಣದಲ್ಲಿ ಕಲಾಸ್ ಮಾರಿದ ದುಡ್ಡೂ ಇತ್ತು.

ಬಿಳಿ ಅಕ್ಕಿ 100 ಗ್ರಾಂ, ನೀರು ಅರ್ಧ ಲೀಟರ್, ಅರ್ಧ ಗಂಟೆ ಬೇಯಿಸಿ. ಉದುರುದುರು ಅನ್ನ ಇಲ್ಲಿ ಕೆಲಸಕ್ಕೆ ಬಾರದು, ಕಾಳು ಬಿರಿದು ಮುದ್ದೆಯಾಗಬೇಕು. ಗಂಜಿ ಬಸಿದು ಮಸೆಯಿರಿ. 300 ಗ್ರಾಂ ಹತ್ತಿರ ಸಿಗುತ್ತದೆ. 40 ಡಿಗ್ರಿಗೆ ಆರಿದ ಮೇಲೆ, 60 ಮಿ.ಲೀ. ಬೆಚ್ಚಗಿನ ನೀರಿನಲ್ಲಿ 4 ಗ್ರಾಂ ಯೀಸ್ಟ್ ಮತ್ತು ಒಂದು ಟೀ ಚಮಚ ಸಕ್ಕರೆ ಕದಡಿ ಇದಕ್ಕೆ ಬೆರೆಸಿ. ಒಂದೂವರೆ ಗಂಟೆ ಹೊರಗೆ, ಗುಳ್ಳೆ ಕಂಡ ಮೇಲೆ ರಾತ್ರಿ ಫ್ರಿಜ್‌ನಲ್ಲಿ. ಹಳೆಯ ಕ್ರಮದಲ್ಲಿ ರಾತ್ರಿಯಿಡೀ ಹೊರಗೇ ಇಡುತ್ತಿದ್ದರು, ಅದನ್ನು ಅನುಸರಿಸಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಾಂತಿ ತರಿಸುವ ವಿಷ ಬಿಡುತ್ತವೆ, ಆ ವಿಷ ಕರಿದರೂ ಹೋಗುವುದಿಲ್ಲ.

ಬೆಳಿಗ್ಗೆ ಮೊಟ್ಟೆ 3 ಕಡೆದು ಹಾಕಿ, ಸಕ್ಕರೆ 60 ಗ್ರಾಂ, ಉಪ್ಪು ಅರ್ಧ ಟೀ ಚಮಚ, ತುರಿದ ಜಾಯಿಕಾಯಿ ಅರ್ಧ ಟೀ ಚಮಚ, ಮೈದಾ 150 ಗ್ರಾಂ. ಕಲಸಿ ಅರ್ಧ ಗಂಟೆ ಬೆಚ್ಚಗಿನ ಜಾಗದಲ್ಲಿ ಬಿಡಿ. ಚಮಚ ಓರೆ ಮಾಡಿದರೆ ಹಿಟ್ಟು ಹರಿಯದೆ ಗುಂಪಾಗಿ ಜಾರಬೇಕು. ಹರಿದರೆ ಇನ್ನೊಂದು 20 ಗ್ರಾಂ ಮೈದಾ. ಎರಡು ಚಮಚದ ನಡುವೆ ಉಂಡೆ ಮಾಡಿ 180 ಡಿಗ್ರಿ ಎಣ್ಣೆಗೆ ಬಿಡಿ, ತಿರುವುತ್ತಾ ಮೂರರಿಂದ ನಾಲ್ಕು ನಿಮಿಷ.

ಎಣ್ಣೆಯಲ್ಲಿ ಬಿಚ್ಚಿಕೊಂಡು ಕಾಳು ಕಾಳಾಗಿ ಚದುರಿದರೆ ಅನ್ನ ಗಟ್ಟಿಯಿತ್ತು ಅಂತ ಅರ್ಥ. ಪಿಷ್ಟ ಹೊರಬಂದು ಅಂಟಾಗದಿದ್ದರೆ ಮೈದಾ ಒಂದೇ ಅದನ್ನು ಹಿಡಿದಿಡಲಾರದು. ಪೂರ್ತಿ ಬಾಣಲೆ ತುಂಬುವ ಮೊದಲು ಒಂದು ಉಂಡೆ ಬಿಟ್ಟು ನೋಡಿ. ಹೊರಗೆ ಕಪ್ಪಗಾಗಿ ಒಳಗೆ ಅಂಟಿದ್ದರೆ ಉಂಡೆ ದೊಡ್ಡದಾಯಿತು. ಸಣ್ಣ ನಿಂಬೆಹಣ್ಣಿನ ಗಾತ್ರ ಮೀರಬಾರದು.

ಬೇಕಿಂಗ್ ಪೌಡರ್ ಸಾಕೆ ಅಂದಿರಿ. ಆಗುತ್ತದೆ: ಅದೇ 300 ಗ್ರಾಂ ಅನ್ನಕ್ಕೆ ಮೊಟ್ಟೆ 2, ಮೈದಾ 90 ಗ್ರಾಂ, ಸಕ್ಕರೆ 45 ಗ್ರಾಂ, ಬೇಕಿಂಗ್ ಪೌಡರ್ 2 ಟೀ ಚಮಚ, ಉಪ್ಪು, ಜಾಯಿಕಾಯಿ. ಕಲಸಿದ ಕೂಡಲೇ ಕರಿಯಬೇಕು. ಹಗುರವಾಗಿಯೇ ಬರುತ್ತದೆ, ಆದರೆ ಆ ತೆಳು ಹುಳಿ ಇರುವುದಿಲ್ಲ, ಕಲಾಸ್‌ನ ಜೀವ ಇರುವುದೇ ಅದರಲ್ಲಿ.

---

ಉಗಿಒಲೆ

ಬ್ರೆಡ್ ಮತ್ತು ಪುಡಿಂಗ್.

ನ್ಯೂ ಆರ್ಲಿಯನ್ಸ್‌ನ ಫ್ರೆಂಚ್ ಬ್ರೆಡ್ಡು ಹೆಸರಿಗೆ ಫ್ರೆಂಚ್. ಪ್ಯಾರಿಸ್ಸಿನ ಬಗೆತ್‌ನ ಹಾಗೆ ಅಗಿಯುವಂಥದ್ದಲ್ಲ. ಮೇಲ್ಚರ್ಮ ಕಾಗದದಷ್ಟು ತೆಳು, ಮುರಿದರೆ ಚೂರುಚೂರಾಗಿ ಮೇಜಿನ ತುಂಬಾ ಉದುರುತ್ತದೆ, ಒಳಗೆ ಹತ್ತಿಯಷ್ಟು ಹಗುರ. ಅಲ್ಲಿ ಇದನ್ನು ಬೇಯಿಸುವ ಹಳೆಯ ಬೇಕರಿ ಲೈಡನ್‌ಹೈಮರ್ 1896ರಲ್ಲಿ ಶುರುವಾದದ್ದು, ಶುರುಮಾಡಿದವನು ಜರ್ಮನಿಯಿಂದ ಬಂದವನು. 1929ರ ಟ್ರಾಮ್ ಮುಷ್ಕರದಲ್ಲಿ ಮಾರ್ಟಿನ್ ಸಹೋದರರು ಮುಷ್ಕರನಿರತ ನೌಕರರಿಗೆ ಪುಕ್ಕಟೆ ಕೊಟ್ಟ ಸ್ಯಾಂಡ್‌ವಿಚ್ಚೇ ಪೋಬಾಯ್ ಎಂದು ಹೆಸರಾಯಿತು. ಅದಕ್ಕಾಗಿ ಜಾನ್ ಜೆಂಡೂಸಾ ಬೇಕರಿ ತುದಿ ಚೂಪಾಗದೆ ಉದ್ದಕ್ಕೂ ಒಂದೇ ಅಗಲವಿರುವ ಬ್ರೆಡ್ಡು ಮಾಡಿಕೊಟ್ಟಿತು. ಎರಡು ತುದಿಯ ಬ್ರೆಡ್ಡು ಪೋಲಾಗಬಾರದಲ್ಲ.

ಮನೆಗೆ: ಬ್ರೆಡ್ ಫ್ಲೋರ್ 500 ಗ್ರಾಂ, ನೀರು 310 ಮಿ.ಲೀ., ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಸಕ್ಕರೆ 10 ಗ್ರಾಂ, ಉಪ್ಪು 9 ಗ್ರಾಂ, ಬೆಣ್ಣೆ ಅಥವಾ ಶಾರ್ಟನಿಂಗ್ (ವನಸ್ಪತಿಯಂಥ ಗಟ್ಟಿ ಕೊಬ್ಬು) 10 ಗ್ರಾಂ. ಯಂತ್ರವಿಲ್ಲ ಅಂದಿರಿ, ಕೈಯಲ್ಲಾದರೆ ಹದಿನೈದು ನಿಮಿಷ ಚೆನ್ನಾಗಿ ನಾದಿ. ಒಂದು ಚೂರನ್ನು ಬೆರಳಿನಲ್ಲಿ ಹಿಗ್ಗಿಸಿದರೆ ಹರಿಯದೆ, ಬೆಳಕು ಕಾಣುವಷ್ಟು ತೆಳುವಾಗಬೇಕು. ಎರಡು ಪಟ್ಟು ಉಬ್ಬಲು ಒಂದು ಗಂಟೆ ಚಿಲ್ಲರೆ. ಎರಡು ಭಾಗ ಮಾಡಿ, ಗಾಳಿ ಪೂರಾ ತಟ್ಟಿ ತೆಗೆದು, ಬಿಗಿಯಾಗಿ ಸುತ್ತಿ ಓವನ್ನಿನ ಅಗಲಕ್ಕೆ ತಕ್ಕ ಉದ್ದ ಮಾಡಿ. ಎರಡನೇ ಸಲ ಉಬ್ಬುವುದಕ್ಕೆ ಒಂದು ಗಂಟೆ ಪೂರ್ತಿ ಕೊಡಿ, ಬೆರಳಿನಿಂದ ಒತ್ತಿದ ಗುಳಿ ನಿಧಾನಕ್ಕೆ ಅರ್ಧ ಮಾತ್ರ ಮೇಲೆ ಬರಬೇಕು. ಇಲ್ಲಿ ಅವಸರಪಟ್ಟರೆ ಹಗುರ ಬರುವುದಿಲ್ಲ. ಓವನ್ 205 ಡಿಗ್ರಿ, ಕೆಳಗೆ ಕಾದ ತಟ್ಟೆಗೆ ಒಂದು ಲೋಟ ಕುದಿನೀರು. ಹತ್ತು ನಿಮಿಷಕ್ಕೆ ನೀರಿನ ತಟ್ಟೆ ತೆಗೆದು ಇನ್ನೂ ಹದಿನೈದು ನಿಮಿಷ. ಕೊನೆಗೆ ಓವನ್ ಆರಿಸಿ, ಬಾಗಿಲು ಸ್ವಲ್ಪ ತೆರೆದು ಐದು ನಿಮಿಷ ಒಳಗೇ ಬಿಟ್ಟರೆ ಚರ್ಮ ಗರಿಯಾಗುತ್ತದೆ.

ಚರ್ಮ ದಪ್ಪಗಾದರೆ ಉಗಿ ಸಾಲಲಿಲ್ಲ, ಇಲ್ಲವೇ ಬೇಯಿಸಿದ್ದು ಹೆಚ್ಚಾಯಿತು. ಹುಳಿಹಿಟ್ಟಿನ ಬ್ರೆಡ್ ಮಾಡುವವರು ಅಭ್ಯಾಸಬಲದಿಂದ ನೀರು ಹೆಚ್ಚಿಸಿ, ಎರಡು ದಿನ ಹುದುಗಿಸಿ, 230ರಲ್ಲಿ ಬೇಯಿಸಲು ಹೊರಡುತ್ತಾರೆ. ಒಳ್ಳೆಯ ಬ್ರೆಡ್ಡೇ ಬರುತ್ತದೆ, ಈ ಬ್ರೆಡ್ಡಲ್ಲ.

ಪುಡಿಂಗ್: ಇದೇ ಬ್ರೆಡ್ಡು ಒಂದು ದಿನ ಹಳೆಯದಾಗಿ ಒಣಗಿದ್ದು 300 ಗ್ರಾಂ, ಎರಡು ಬೆರಳಗಲದ ತುಂಡು. ತಾಜಾ ಇದ್ದರೆ 120 ಡಿಗ್ರಿ ಓವನ್ನಿನಲ್ಲಿ ಇಪ್ಪತ್ತು ನಿಮಿಷ ಒಣಗಿಸಿ. ಹಾಲು 800 ಮಿ.ಲೀ., ಕೆನೆ 200 ಮಿ.ಲೀ., ಮೊಟ್ಟೆ 4, ಸಕ್ಕರೆ 200 ಗ್ರಾಂ, ವೆನಿಲಾ 1 ದೊಡ್ಡ ಚಮಚ, ಚಕ್ಕೆಪುಡಿ 1 ಟೀ ಚಮಚ, ಜಾಯಿಕಾಯಿ, ಉಪ್ಪು, ಒಣದ್ರಾಕ್ಷಿ 100 ಗ್ರಾಂ. ಎಲ್ಲ ಕದಡಿ ಬ್ರೆಡ್ಡಿನ ಮೇಲೆ ಸುರಿದು ಮುಕ್ಕಾಲು ಗಂಟೆ ನೆನೆಸಿ, ನಡುವೆ ಒಮ್ಮೆ ಒತ್ತಿ. ಒಂದು ತುಂಡು ಬಿಡಿಸಿ ನೋಡಿದರೆ ನಡುವೆ ಬಿಳಿ ಒಣ ಗೆರೆ ಇರಬಾರದು. ಬೆಣ್ಣೆ ಸವರಿದ ತಟ್ಟೆ, ಅದು ಬಿಸಿನೀರಿನ ದೊಡ್ಡ ತಟ್ಟೆಯೊಳಗೆ, 170 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ನಡುಭಾಗ 75 ಡಿಗ್ರಿ ಮುಟ್ಟಿದರೆ ತೆಗೆಯಿರಿ. ಅದನ್ನು ಮೀರಿ ಬೇಯಿಸಿದರೆ ಮೊಟ್ಟೆ ಹಿಂಡಿಕೊಂಡು ತಳದಲ್ಲಿ ನೀರು ನಿಲ್ಲುತ್ತದೆ. ಮಾಮೂಲಿ ಸ್ಲೈಸ್ ಬ್ರೆಡ್ಡಿನಲ್ಲೂ ಮಾಡಬಹುದು, ಹಾಲನ್ನು 150 ಮಿ.ಲೀ. ಕಡಿಮೆ ಮಾಡಿ. ಆದರೂ ತುಂಡುಗಳೆಲ್ಲ ಕೂಡಿಕೊಂಡು ಅಂಟುಮುದ್ದೆಯಾಗುವುದನ್ನು ಪೂರ್ತಿ ತಪ್ಪಿಸಲಾಗದು.

ಮೇಲಿನ ವಿಸ್ಕಿ ಸಾಸಿಗೆ ಬೆಣ್ಣೆ 115 ಗ್ರಾಂ, ಸಕ್ಕರೆ 150 ಗ್ರಾಂ, ಕೆನೆ 60 ಮಿ.ಲೀ. ಕರಗಿಸಿ ಇಳಿಸಿ. ಕೈ ತಾಳುವಷ್ಟು ಆರಿದ ಮೇಲೆ ಅದರಿಂದ ಎರಡು ಚಮಚ ತೆಗೆದು ಒಂದು ಮೊಟ್ಟೆಯ ಹಳದಿಗೆ ಕದಡಿ, ಆಮೇಲೆ ಹಳದಿಯನ್ನು ಪಾತ್ರೆಗೆ ಸುರಿಯಿರಿ. ಸಣ್ಣ ಉರಿಯಲ್ಲಿ 78 ಡಿಗ್ರಿ ಬರುವವರೆಗೆ ಕಲಕಿ, ಒಲೆ ಆರಿಸಿಯೇ 60 ಮಿ.ಲೀ. ಬರ್ಬನ್ (ಅಮೆರಿಕದ ವಿಸ್ಕಿ) ಸೇರಿಸಿ. 85 ದಾಟಿದರೆ ಹಳದಿ ಗಂಟುಕಟ್ಟುತ್ತದೆ. ಮದ್ಯ ಬೇಡದವರು ಅದರ ಬದಲು ಅಷ್ಟೇ ಕೆನೆ ಮತ್ತು ಕಿತ್ತಳೆ ಸಿಪ್ಪೆಯ ತುರಿ ಹಾಕಬಹುದು.

---

ಒಲೆಮುಂದೆ

ಎಲ್ಲರಿಗೂ ಧನ್ಯವಾದ. ಕೊನೆಯದೊಂದು. ಕಿಂಗ್ ಕೇಕ್ (ಒಳಗೆ ಪುಟ್ಟ ಗೊಂಬೆ ಅಡಗಿಸಿಡುವ ಉಂಗುರಾಕಾರದ ಸಿಹಿ ಬ್ರೆಡ್ಡು) ಮರುದಿನಕ್ಕೆ ಒಣಗಿ ರಸ್ಕಿನಂತಾಗುವುದು ಯಾಕೆ? ಮತ್ತೆ ಇವೆಲ್ಲವನ್ನೂ ಒಂದೇ ಬೆಳಗಿನ ತಿಂಡಿಗೆ ಇಡುವುದಾದರೆ ಯಾವುದು ಮೊದಲು?

---

ಉಗಿಒಲೆ

ಬೆಣ್ಣೆ ಕಡಿಮೆ, ಬೇಯಿಸಿದ್ದು ಹೆಚ್ಚು. 500 ಗ್ರಾಂ ಹಿಟ್ಟಿಗೆ ಬೆಣ್ಣೆ 115 ಗ್ರಾಂ, ಮೊಟ್ಟೆ 2 ಮತ್ತು ಒಂದು ಹಳದಿ, ಹಾಲು 160 ಮಿ.ಲೀ., ಸಕ್ಕರೆ 100 ಗ್ರಾಂ ಇರಲಿ. ಚಕ್ಕೆ-ಸಕ್ಕರೆ ಹೂರಣ ಸುತ್ತಿ ಉಂಗುರ ಮಾಡಿ 175 ಡಿಗ್ರಿಯಲ್ಲಿಟ್ಟು, ಒಳಗೆ 88 ಡಿಗ್ರಿ ಆದಾಗಲೇ ಹೊರತೆಗೆಯಿರಿ. ಬಣ್ಣ ನೋಡಿ ತೆಗೆಯುವವರ ಕೇಕೇ ಒಣಗುವುದು. ಪ್ಲಾಸ್ಟಿಕ್ ಮಗುವಿನ ಗೊಂಬೆಯನ್ನು ಬೆಂದು ಆರಿದ ಮೇಲೆ ಅಡಿಯಿಂದ ತೂರಿಸಿ, ತಿನ್ನುವವರಿಗೆ ಒಳಗಿದೆ ಎಂದು ಮೊದಲೇ ಹೇಳಿ. ನೇರಳೆ, ಹಸಿರು, ಚಿನ್ನದ ಬಣ್ಣದ ಸಕ್ಕರೆಯನ್ನು ಐಸಿಂಗ್ ಹಸಿಯಿರುವಾಗಲೇ ಉದುರಿಸಬೇಕು. ಅಂದಹಾಗೆ ಇದು ಜನವರಿ 6ರಿಂದ ಮಾರ್ಡಿ ಗ್ರಾವರೆಗಿನ (ಲೆಂಟ್ ಉಪವಾಸ ಶುರುವಾಗುವ ಹಿಂದಿನ ದಿನದ ಹಬ್ಬ) ತಿಂಡಿ. ಬೇರೆ ತಿಂಗಳಲ್ಲಿ ಇಟ್ಟರೆ ನ್ಯೂ ಆರ್ಲಿಯನ್ಸ್‌ನವರು ಹುಬ್ಬೇರಿಸುತ್ತಾರೆ.

---

ಬಿಸಿಎಣ್ಣೆ

ಕ್ರಮ ಹೀಗಿರಲಿ. ಎರಡು ದಿನ ಮೊದಲು ಬ್ರೆಡ್ಡು. ಹಿಂದಿನ ದಿನ ಬೆಳಿಗ್ಗೆ ಪ್ರಾಲೀನ್, ಸಂಜೆ ಬೆನ್ಯೇ ಹಿಟ್ಟು ಮತ್ತು ಕಲಾಸ್ ಅನ್ನ ಎರಡೂ ಫ್ರಿಜ್‌ಗೆ. ಆ ದಿನ ಎದ್ದ ಕೂಡಲೇ ಪುಡಿಂಗ್ ನೆನೆಸಿ, ಕಲಾಸ್‌ಗೆ ಮೊಟ್ಟೆ-ಮೈದಾ ಸೇರಿಸಿ. ಪುಡಿಂಗ್ ಓವನ್ನಿನಲ್ಲಿರುವಾಗ ಎಣ್ಣೆ ಕಾಯಿಸಿ. ಮೊದಲು 180ರಲ್ಲಿ ಕಲಾಸ್ ಕರಿದು, ಚೂರುಗಳನ್ನು ಜಾಲರಿಯಲ್ಲಿ ತೆಗೆದು, ಉರಿ ಏರಿಸಿ 190ರಲ್ಲಿ ಬೆನ್ಯೇ. ಕಲಾಸ್ 90 ಡಿಗ್ರಿ ಓವನ್ನಿನಲ್ಲಿ ಇಪ್ಪತ್ತು ನಿಮಿಷ ಕಾಯುತ್ತದೆ, ಬೆನ್ಯೇ ಐದು ನಿಮಿಷವೂ ಕಾಯುವುದಿಲ್ಲ. ಅದಕ್ಕೇ ಎಲ್ಲರೂ ಮೇಜಿಗೆ ಬಂದು ಕೂತ ಮೇಲೆ ಮೊದಲ ಚೌಕ ಎಣ್ಣೆಗೆ ಬಿಡಿ.